ಹೆಂಗಸಿನ ಮೂಗು, ಗಂಡಸಿನ ಗ್ಯಾರೇಜು

ಒಲೆಯ ಮೇಲಿನ ಹಾಲು ತಳ ಹಿಡಿಯುತ್ತಿದೆಯೆಂದು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದರೂ ನಮಗೆ ಗೊತ್ತಾಗುತ್ತದೆ. ಗ್ಯಾಸ್ ಸೋರುತ್ತಿದೆಯೇ, ನಿನ್ನೆಯ ಹುಳಿ ಹಳಸಿದೆಯೇ ಎಂದು ಹೇಳುವುದೂ ನಮ್ಮ ಮೂಗೇ. ಮನೆಮಂದಿಯೆಲ್ಲ ಆ ಮೂಗನ್ನು ನಂಬಿಯೇ ಉಣ್ಣುತ್ತಾರೆ. ಅದೇ ಮೂಗು ಕಾರಿನಲ್ಲಿ ಕುಳಿತು "ರಬ್ಬರ್ ಸುಟ್ಟ ವಾಸನೆ ಬರ್ತಿದೆ" ಎಂದರೆ ಮಾತ್ರ ಅದು ಭ್ರಮೆಯಾಗಿಬಿಡುತ್ತದೆ!

ನಾನು ಕಾರು ಕಲಿತದ್ದು ಐವತ್ತು ತುಂಬಿದ ಮೇಲೆ. ತೀರ್ಥಹಳ್ಳಿಯಿಂದ ನಮ್ಮ ಶಾಲೆಗೆ 12 ಕಿಲೋಮೀಟರ್. ಬಸ್ಸಿಗೆ ಕಾದು ಸಾಕಾಗಿ ಹಳೆಯದೊಂದು ಸಣ್ಣ ಕಾರನ್ನು ನನ್ನ ದುಡ್ಡಿನಲ್ಲೇ ಕೊಂಡೆ. ಹೋದ ವರ್ಷ ಮಳೆಗಾಲ ಹಿಡಿದ ಮೇಲೆ, ಬೆಳಿಗ್ಗೆ ಕಾರು ಚಾಲೂ ಮಾಡಿದೊಡನೆ ಸುಟ್ಟ ವಾಸನೆ ಬರತೊಡಗಿತು. ನಮ್ಮ ಮನೆಯವರಿಗೆ ಹೇಳಿದರೆ, "ಯಾರೋ ಟೈರ್ ಸುಡ್ತಿರಬೇಕು ಕಣೇ" ಎಂದರು. ಜಡಿಮಳೆಯಲ್ಲಿ ಟೈರು ಸುಡುವ ಪುಣ್ಯಾತ್ಮ ಯಾರಪ್ಪಾ ಎಂದುಕೊಂಡೆ.

ಕೊನೆಗೆ ಇಬ್ಬರೂ ಗ್ಯಾರೇಜಿಗೆ ಹೋದೆವು. ಕೀಲಿಕೈ ಹಿಡಿದು ನಿಂತವಳು ನಾನು. ಮೆಕ್ಯಾನಿಕ್ ಮಾತಾಡಿದ್ದು ಇವರ ಜೊತೆ. "ಲೇಡೀಸ್ ಓಡ್ಸೋದಲ್ವಾ ಸಾರ್, ಯಾವಾಗ್ಲೂ ಕ್ಲಚ್ ಮೇಲೇ ಕಾಲಿಟ್ಟಿರ್ತಾರೆ. ಪ್ಲೇಟ್ ಸುಟ್ಟುಹೋಗಿದೆ" ಎಂದ. ಬಾನೆಟ್ ಎತ್ತಿರಲಿಲ್ಲ, ನನ್ನನ್ನು ಒಂದು ಪ್ರಶ್ನೆ ಕೇಳಿರಲಿಲ್ಲ. ಸೀರೆ ನೋಡಿಯೇ ರೋಗ ಗೊತ್ತಾಯಿತು. ಖರ್ಚು 7,800 ರೂಪಾಯಿ. ಮೂರನೆಯ ದಿನ ಅದೇ ವಾಸನೆ. "ಹೊಸ ಪ್ಲೇಟ್, ನಾಲ್ಕು ದಿನ ಹಾಗೇ ಇರುತ್ತೆ" ಎಂದು ಸಮಾಧಾನ ಬೇರೆ.

ಕ್ಲಚ್ ಮೇಲೆ ಕಾಲಿಡುವ ಚಾಳಿ ನನಗಿರಲೇ ಇಲ್ಲವೆಂದು ಆಣೆ ಮಾಡಲಾರೆ. ಆದರೆ ಮೂವತ್ತು ವರ್ಷ ಮಕ್ಕಳ ಲೆಕ್ಕದಲ್ಲಿ ತಪ್ಪು ಹುಡುಕಿದವಳು, ಇದನ್ನು ಹಾಗೆಯೇ ಬಿಡಲಾಗಲಿಲ್ಲ. ಒಂದು ನೋಟ್‌ಬುಕ್ ತೆಗೆದು ಹತ್ತು ದಿನ ಬರೆದಿಟ್ಟೆ. ಕಾರು ಶೆಡ್ಡಿನಲ್ಲಿ ನಿಂತೇ ಇರುವಾಗ, ಗೇರು ನ್ಯೂಟ್ರಲ್‌ನಲ್ಲಿದ್ದು ಕ್ಲಚ್ ಮೇಲೆ ಕಾಲಿಲ್ಲದಿರುವಾಗಲೂ ವಾಸನೆ ಬರುತ್ತಿತ್ತು. ಜೊತೆಗೆ 'ಕೀಂಯ್' ಎಂಬ ಕೂಗು. ಹೆಡ್‌ಲೈಟು, ವೈಪರು, ಗಾಜಿನ ಮಂಜು ಕಳೆಯುವ ಬ್ಲೋಯರು ಮೂರನ್ನೂ ಹಾಕಿದ ದಿನ ಎರಡೂ ಹೆಚ್ಚು.

ನಿಂತ ಕಾರಿನ ವಾಸನೆಗೆ ಓಡುವಾಗ ಸವೆಯುವ ಕ್ಲಚ್ಚನ್ನು ದೂರುವುದು ಹೇಗೆ? ದೀಪ, ಬ್ಲೋಯರುಗಳಿಗೆ ಕರೆಂಟು ಕೊಡುವುದು ಆಲ್ಟರ್ನೇಟರ್. ಅದನ್ನು ತಿರುಗಿಸುವುದು ನಾವೆಲ್ಲ ಫ್ಯಾನ್ ಬೆಲ್ಟ್ ಎನ್ನುವ ರಬ್ಬರಿನ ಪಟ್ಟಿ. ಬೆಲ್ಟು ಸಡಿಲವಾಗಿದ್ದರೆ ಹೊರೆ ಹೆಚ್ಚಾದಾಗ ಜಾರಿ, ಉಜ್ಜಿ, ಸುಡುತ್ತದೆ. ಎರಡನೆಯ ಸಲ ಗ್ಯಾರೇಜಿಗೆ ನಾನೊಬ್ಬಳೇ ಹೋದೆ. "ಸಾರ್ ಬರ್ಲಿಲ್ವಾ ಮೇಡಂ?" ಎಂದ. "ಕಾರು ನನ್ನದಪ್ಪಾ, ಬಾನೆಟ್ ಎತ್ತು" ಎಂದೆ. ಬೆಲ್ಟಿನ ಒಳಮೈ ಪಾಲಿಶ್ ಹಾಕಿದಂತೆ ಹೊಳೆಯುತ್ತಿತ್ತು, ಅಂಚಿನಲ್ಲಿ ಬಿರುಕು. ಹೊಸ ಬೆಲ್ಟು ಹಾಕಿ ಬಿಗಿ ಮಾಡಿದ್ದಕ್ಕೆ ಕೂಲಿ ಸೇರಿ 600 ರೂಪಾಯಿ. "ಹೋದ ಸಲ ತೆಗೆದ ಕ್ಲಚ್ ಪ್ಲೇಟ್ ಎಲ್ಲಿ?" ಎಂದು ಕೇಳಿದೆ. "ಗುಜರಿಗೆ ಹೋಯ್ತು ಮೇಡಂ" ಎಂದು ತಲೆ ತಗ್ಗಿಸಿದ.

7,800 ರೂಪಾಯಿ ಹೋದದ್ದಕ್ಕಿಂತ ಹೆಚ್ಚಿನ ಭಯ ಬೇರೆಯಿದೆ. ಆ ಬೆಲ್ಟು ಆಗುಂಬೆ ಘಾಟಿಯ ತಿರುವಿನಲ್ಲಿ, ಮಳೆಯ ರಾತ್ರಿ ಹರಿದಿದ್ದರೆ? ಬ್ಯಾಟರಿ ಇಳಿದು ದೀಪ ಮಂಕಾಗುತ್ತಿತ್ತು. ನನ್ನ ಕಾರಿನಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಎಂಜಿನ್ ಕಾದು ದಾರಿಯಲ್ಲೇ ನಿಲ್ಲುತ್ತಿತ್ತು. ಹೆಂಗಸಿನ ಮಾತನ್ನು ಅಲ್ಲಗಳೆಯುವ ಚಟಕ್ಕೆ ಇಷ್ಟು ದೊಡ್ಡ ಬೆಲೆ ತೆರಬೇಕೇ?

ಸುಟ್ಟ ವಾಸನೆಗೂ ಜಾತಕವಿದೆ, ಅದನ್ನು ಓದುವುದು ಸಾರಿನ ಹದ ತಿಳಿಯುವುದಕ್ಕಿಂತ ಕಷ್ಟವಲ್ಲ. ಏರಿನಲ್ಲಿ ಎಂಜಿನ್ ಅರಚಿದರೂ ವೇಗ ಏರದೆ ವಾಸನೆ ಬಂದರೆ ಕ್ಲಚ್ಚು. ಓಡಿ ನಿಂತ ಮೇಲೆ ಒಂದು ಚಕ್ರ ಮಾತ್ರ ಕಾದಿದ್ದರೆ ಬ್ರೇಕು ಹಿಡಿದುಕೊಂಡಿದೆ. ಕೈ ಹತ್ತಿರ ತನ್ನಿ, ಮುಟ್ಟಬೇಡಿ. ಹ್ಯಾಂಡ್‌ಬ್ರೇಕ್ ಇಳಿಸಲು ಮರೆತಿದ್ದರೂ ಹೀಗಾಗುತ್ತದೆ. ಸೈಲೆನ್ಸರಿಗೆ ಪ್ಲಾಸ್ಟಿಕ್ ಚೀಲ ಅಂಟಿದ್ದರೆ, ಬಿಸಿ ಕೊಳವೆಯ ಮೇಲೆ ಆಯಿಲ್ ತೊಟ್ಟಿಕ್ಕಿದರೆ ಅದರದ್ದೂ ಒಂದು ಕಮಟು. ಪ್ಲಾಸ್ಟಿಕ್ ಕರಗಿದ ಘಾಟು, ಹೊಗೆ ಬಂದರೆ ಮಾತ್ರ ವೈರು ಸುಡುತ್ತಿದೆಯೆಂದು ತಿಳಿದು ಪರೀಕ್ಷೆಗೆ ಕೂರಬೇಡಿ. ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ ದೂರ ಹೋಗಿ.

ಯಂತ್ರಕ್ಕೂ ಹೆಣ್ಣಿಗೂ ಆಗಿಬರದು ಎನ್ನುವವರು 1888ರ ಕಥೆ ಕೇಳಲಿ. ಕಾರನ್ನು ಕಂಡುಹಿಡಿದ ಕಾರ್ಲ್ ಬೆಂಜ್‌ನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಅದೇ ಕಾರಿನಲ್ಲಿ 100 ಕಿಲೋಮೀಟರಿಗೂ ಮೀರಿ ತೌರಿನ ಊರಿಗೆ ಹೋದಳು. ಇಂಧನದ ನಳಿಕೆ ಕಟ್ಟಿಕೊಂಡಾಗ ತನ್ನ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕು ಸವೆದಾಗ ದಾರಿಯಲ್ಲಿ ಚಪ್ಪಲಿ ಹೊಲಿಯುವವನಿಂದ ಚರ್ಮ ಹೊಡೆಸಿದಳು. ಕಾರಿನ ಮೊದಲ ದೂರಪ್ರಯಾಣದ ಮೆಕ್ಯಾನಿಕ್ ಒಬ್ಬ ಗೃಹಿಣಿ!

ತಪ್ಪು ಗಂಡಸರದ್ದೇ ಎಂದು ಕೈತೊಳೆದುಕೊಳ್ಳಲಾರೆ. "ಅದೆಲ್ಲ ನಮಗ್ಯಾಕೆ, ಅವರು ನೋಡ್ಕೋತಾರೆ" ಎಂದು ಕೀಲಿಕೈ ಕೊಟ್ಟು ಹಿಂದೆ ಸರಿಯುವವರು ನಾವೇ. ನಮ್ಮ ಮನೆಯವರಿಗೆ ಬಾನೆಟ್ ತೆಗೆಯುವ ಹಿಡಿ ಎಲ್ಲಿದೆಯೆಂದು ತೋರಿಸಿದ್ದು ನಾನು ಎಂದರೆ ನಗಬೇಡಿ, ಅನೇಕ ಮನೆಗಳ ಸ್ಥಿತಿ ಇದೇ. ಮುಂದಿನ ಸಲ ಗ್ಯಾರೇಜಿಗೆ ನೀವೇ ಹೋಗಿ. ವಾಸನೆ ಯಾವಾಗ, ಹೇಗೆ ಬರುತ್ತದೆಂದು ಬರೆದುಕೊಂಡು ಹೋಗಿ, ಬಿಚ್ಚಿದ ಸಾಮಾನನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ದುಡ್ಡು ಕೊಡಿ. "ಸಾರ್ ಎಲ್ಲಿ?" ಎಂದು ಕೇಳಿದರೆ, ಅಡುಗೆ ಮಾಡ್ತಿದ್ದಾರೆ ಎನ್ನಿ.