ಬೆಲ್ಜಿಯಂ ಮಠದ ಸಾಕ್ಷ್ಯ

ಭಕ್ತಬಾಂಧವರೇ, ಮಠದ ಪ್ರಸಾದವುಂಡು ಬೆಳೆದ ಹಳೆಯ ವಿದ್ಯಾರ್ಥಿಮಿತ್ರರೇ,

ಶ್ರೀಗಂಧದ ಕಾವಲಿನ ಸುತ್ತಮುತ್ತ ಮನೆ ಮಾಡಿಕೊಂಡಿರುವ ನಮ್ಮ ಕೆಲವು ಸಹಪಾಠಿಗಳು ಈ ಬಾರಿಯ ಸ್ನೇಹಕೂಟವನ್ನು ಎಂದಿನಂತೆ ಸಮುದಾಯಭವನದಲ್ಲಿ ನಡೆಸಲಿಲ್ಲ. ನಗರದ ಇನ್ನೊಂದು ತುದಿಯಲ್ಲಿರುವ, ಬೆಲ್ಜಿಯಂ ಮಾದರಿಯದೆಂದು ಹೇಳಿಕೊಳ್ಳುವ ಭೋಜನಗೃಹವೊಂದರಲ್ಲಿ ಏರ್ಪಡಿಸಿದರು. ಅಲ್ಲಿಯೇ ತಾಮ್ರದ ಹಂಡೆಗಳಲ್ಲಿ ತಯಾರಾದ ಬಿಯರ್, ಜೊತೆಗೆ ಕಡಲಿನ ಆಹಾರ. ಕಾಣದೆಯೇ ಖಂಡಿಸುವ ಚಪಲ ನಮ್ಮಲ್ಲಿ ಹಲವರಿಗುಂಟು. ಆ ದೋಷಕ್ಕೆ ಗುರಿಯಾಗಬಾರದೆಂದು ನಾನೂ ಹೋಗಿದ್ದೆ. ನಿಂಬೆಹಣ್ಣಿನ ಷರಬತ್ತು ಕುಡಿದು ಬಂದೆ. ವೆಚ್ಚವನ್ನು ಸಮನಾಗಿ ಹಂಚಿದ್ದರಿಂದ ಆ ಷರಬತ್ತಿಗೆ ನಾನು ತೆತ್ತದ್ದು 2,800 ರೂಪಾಯಿ. ಅದು ಇರಲಿ.

ನನ್ನನ್ನು ಕೆಣಕಿದ್ದು ಹಣವಲ್ಲ, ಒಂದು ಮಾತು. ಮಿತ್ರರೊಬ್ಬರು ಬಟ್ಟಲನ್ನೆತ್ತಿ ಹಿಡಿದು, "ಬೆಲ್ಜಿಯಂನಲ್ಲಿ ಸ್ವಾಮಿಗಳೇ ಇದನ್ನು ಮಾಡುತ್ತಾರೆ, ಮಠದೊಳಗೇ ಮಾಡುತ್ತಾರೆ. ನಮ್ಮ ಮಠಗಳು ಮಾತ್ರ ಮುಖ ಸಿಂಡರಿಸುವುದೇಕೆ?" ಎಂದರು. ಮೇಜಿನ ಸುತ್ತ ನಗೆಯೆದ್ದಿತು. ನಾನು ಆಗ ಸುಮ್ಮನಿದ್ದೆ. ಸುಮ್ಮನಿದ್ದುದು ತಪ್ಪಾಯಿತೆಂದು ಈಗ ಬರೆಯುತ್ತಿದ್ದೇನೆ.

ಅವರು ಹೇಳಿದ್ದು ಸುಳ್ಳಲ್ಲವೆಂಬುದನ್ನು ಮೊದಲು ಒಪ್ಪಿಬಿಡೋಣ. ಕಠಿಣ ವ್ರತದ ಟ್ರಾಪಿಸ್ಟ್ ಸನ್ಯಾಸಿಗಳು ವೆಸ್ಟ್‌ಮಾಲೆಯ ಮಠದಲ್ಲಿ 1836ರಿಂದ ಬಿಯರ್ ತಯಾರಿಸುತ್ತ ಬಂದಿದ್ದಾರೆ. ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಯುನೆಸ್ಕೋ ಸಂಸ್ಥೆ 2016ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಸಾಕ್ಷಿಯನ್ನು ಕರೆತಂದ ಮೇಲೆ ಅವನ ಹೇಳಿಕೆಯನ್ನು ಪೂರ್ತಿಯಾಗಿ ಕೇಳಬೇಕಷ್ಟೆ? ಅರ್ಧ ಕೇಳಿ ಎದ್ದುಹೋಗುವುದು ಯಾವ ನ್ಯಾಯ?

ಕೇಳಿ. ಟ್ರಾಪಿಸ್ಟ್ ಎಂಬ ಮುದ್ರೆ ಬೀಳಬೇಕಾದರೆ ಮೂರು ಕಟ್ಟಳೆಗಳುಂಟು. ಮಠದ ಆವರಣದೊಳಗೆ ತಯಾರಾಗಬೇಕು. ಸನ್ಯಾಸಿಗಳ ಕೈಯಿಂದ ಅಥವಾ ಅವರ ಮೇಲ್ವಿಚಾರಣೆಯಲ್ಲಿ ಆಗಬೇಕು. ಬಂದ ಹಣ ಮಠವಾಸಿಗಳ ಜೀವನಕ್ಕೂ ಕಟ್ಟಡಗಳ ರಕ್ಷಣೆಗೂ ವಿನಿಯೋಗವಾಗಿ, ಮಿಕ್ಕಿದ್ದು ದೀನರಿಗೆ ಸಲ್ಲಬೇಕು. ಇದನ್ನು ನಮ್ಮ ಮಾತಿನಲ್ಲಿ ಏನೆಂದು ಕರೆಯುತ್ತೇವೆಂಬುದನ್ನು ಪ್ರಸಾದನಿಲಯದಲ್ಲಿ ಪಂಕ್ತಿಯಲ್ಲಿ ಕುಳಿತು ಉಂಡ ತಮಗೆ ನಾನು ಹೇಳಬೇಕೆ? ವೆಸ್ಟ್‌ವ್ಲೆಟರೆನ್ ಮಠದ ಬಿಯರನ್ನು 2005ರಲ್ಲಿ ಜಗತ್ತಿನಲ್ಲೇ ಶ್ರೇಷ್ಠವೆಂದು ರಸಿಕರು ಸಾರಿದಾಗ ಮಠದ ಬಾಗಿಲಿಗೆ ವಾಹನಗಳ ಸಾಲು ಬಂತು. ಬೇರೆ ಯಾರಾಗಿದ್ದರೂ ಹಂಡೆಗಳನ್ನು ಹೆಚ್ಚಿಸುತ್ತಿದ್ದರು. ಆ ಸನ್ಯಾಸಿಗಳು ಹೆಚ್ಚಿಸಲಿಲ್ಲ. ಒಬ್ಬರಿಗೆ ಇಷ್ಟೇ ಪೆಟ್ಟಿಗೆಯೆಂದು ಮಿತಿ ಹಾಕಿದರು, ಕೊಂಡವರು ಮರುಮಾರಾಟ ಮಾಡಕೂಡದೆಂದರು. ತಮ್ಮ ಬಾಳು ಸಾಗುವಷ್ಟು ಮಾಡಿದರೆ ಸಾಕೆಂಬುದು ಅವರ ನಿಲುವು. ಷಿಮೇಯಂತಹ ಮಠಗಳ ಬಿಯರ್ ದೇಶವಿದೇಶಗಳಿಗೆ ಹೋಗುವುದೂ ನಿಜವೇ. ಎಲ್ಲರೂ ಒಂದೇ ಎಂದು ನಾನು ಹೇಳಲಾರೆ. ಆದರೆ ಆಖೆಲ್ ಮಠದಲ್ಲಿ ಸನ್ಯಾಸಿಗಳೇ ಉಳಿಯದಾದಾಗ, 2021ರಲ್ಲಿ, ಅಲ್ಲಿನ ಬಿಯರಿಗೆ ಆ ಮುದ್ರೆಯೂ ಉಳಿಯಲಿಲ್ಲ. ಹಂಡೆ ಅದೇ, ನೀರು ಅದೇ. ಸನ್ಯಾಸಿ ಹೋದ, ಹೆಸರೂ ಹೋಯಿತು. ಹಾಗಿರುವಾಗ ಬೆಂಗಳೂರಿನ ಮೇಜೊಂದರ ಮೇಲಿನ ಬಟ್ಟಲಿಗೆ ಆ ಸನ್ಯಾಸಿಯ ಹೆಸರನ್ನು ಅಂಟಿಸಲು ನಮ್ಮ ಮಿತ್ರರಿಗೆ ಅಧಿಕಾರ ಕೊಟ್ಟವರಾರು?

ಇನ್ನೂ ಒಂದು ಸಂಗತಿ. ಆ ಸನ್ಯಾಸಿಗಳು ಅನುಸರಿಸುವ ಸಂತ ಬೆನೆಡಿಕ್ಟನ ನಿಯಮಗ್ರಂಥ ಆರನೆಯ ಶತಮಾನದ್ದು. ಅದರ ನಲವತ್ತನೆಯ ಅಧ್ಯಾಯವು ಪಾನಕ್ಕೆ ದಿನದ ಅಳತೆಯನ್ನು ಗೊತ್ತುಮಾಡಿ, ಪೂರ್ತಿ ಬಿಡಬಲ್ಲ ಶಕ್ತಿಯುಳ್ಳವನಿಗೆ ವಿಶೇಷ ಫಲವುಂಟೆಂದೂ ತಿಳಿಸುತ್ತದೆ. ಅಂದರೆ ಅವರ ಗುರುವೂ ಬಿಟ್ಟವನನ್ನೇ ಮೇಲೆ ಕೂರಿಸಿದ್ದಾನೆ.

ಕಡಲಿನ ಆಹಾರದ ವಿಷಯದಲ್ಲಿ ಹೆಚ್ಚು ಹೇಳಲಾರೆ. ಬೆಲ್ಜಿಯಂನವರು ಕರಿದ ಆಲೂಗಡ್ಡೆಯೊಡನೆ ತಿನ್ನುವ, ನಮ್ಮ ಕರಾವಳಿಯವರು ಪಚ್ಚಿಲೆ ಎನ್ನುವ ಚಿಪ್ಪುಜೀವಿಗೆ ಅಲ್ಲಿ ಬಲು ಬೇಡಿಕೆ. ಮೀನು ಹಿಡಿಯುವವರ ಕಾಯಕವನ್ನೂ ಅವರ ಮನೆಯ ಊಟವನ್ನೂ ಹೀನವೆನ್ನುವ ಬಾಯಿ ನನ್ನದಲ್ಲ. ದೋಣಿ ನಡೆಸಿದ ಅಂಬಿಗರ ಚೌಡಯ್ಯನು ಶರಣನೇ. ನನ್ನ ಪ್ರಶ್ನೆಯಿಷ್ಟೆ: ಸಸ್ಯಾಹಾರಿಗಳೇ ಬಹುಸಂಖ್ಯೆಯಲ್ಲಿರುವ ಕೂಟಕ್ಕೆ ಅಂತಹ ಮೇಜನ್ನು ಆರಿಸಿದ್ದೇಕೆ?

ಸಾಕ್ಷಿಗಾಗಿ ಬೆಲ್ಜಿಯಂಗೇ ಹೋಗಬೇಕಿತ್ತೆ? ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯನನ್ನು ಮರೆತಿರಾ? ಹೆಂಡ ಮಾರುವುದೇ ಅವನ ಕಸುಬು. ಶರಣನಾದ ಮೇಲೆ ಅವನು ಕುಡಿಯಲು ಬಂದವರಿಗೆ ಕುಡಿತದ ಕೇಡನ್ನು ಹೇಳುತ್ತಿದ್ದನೆಂದು ಪರಂಪರೆ ನೆನೆಯುತ್ತದೆ. ಮಾರುವವನೇ ಗಿರಾಕಿಯ ಕೈ ಹಿಡಿದು ಹಿಂದಕ್ಕೆ ಕಳುಹಿಸಿದ ಉದಾಹರಣೆಯನ್ನು ನಮ್ಮ ಬುದ್ಧಿವಂತರು ಬಟ್ಟಲೆತ್ತಿ ಹೇಳುವುದಿಲ್ಲ!

ನಮ್ಮ ರಾಜ್ಯದ ನ್ಯಾಯವೂ ವಿಚಿತ್ರವೇ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕೂಲಿಯವನ ಮನೆ ಉಳಿಯಲೆಂದು ನಾವೆಲ್ಲ ಸಂತೋಷಪಟ್ಟೆವು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಬೆಂಗಳೂರಿನಲ್ಲಿ ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಬಿಯರ್ ಗೃಹಗಳು ತೆರೆದವು. ಬಡವನು ಕುಡಿದರೆ ಚಟ, ಸಂಬಳದಾರನು ಕುಡಿದರೆ ಅಭಿರುಚಿ ಎಂಬ ಭೇದವನ್ನು ಮಠದ ಶಾಲೆಯಲ್ಲಿ ನಮಗೆ ಯಾರೂ ಕಲಿಸಿರಲಿಲ್ಲ.

ಈಗ ನಾನು ಬರೆಯಲು ಕುಳಿತ ನಿಜವಾದ ಕಾರಣ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟದ್ದು ತಮಗೆ ಗೊತ್ತಿದೆ. ಧಾನ್ಯವನ್ನಲ್ಲ, ದುಶ್ಚಟವನ್ನು ಭಿಕ್ಷೆ ಬೇಡಿದ ಜೋಳಿಗೆ ಅದು. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ವ್ಯಸನಮುಕ್ತ ದಿನವಾಗಿದೆ. ಹುನಗುಂದ ಸೀಮೆಯ ನಮ್ಮ ಸಹಪಾಠಿಯೊಬ್ಬನು ಬಹಳ ಹಿಂದೆ ತನ್ನ ಕುಡಿತವನ್ನು ಆ ಜೋಳಿಗೆಗೆ ಹಾಕಿದವನು. ಈಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ. ಹಳೆಯ ಗೆಳೆಯರನ್ನು ಕಾಣುವ ಆಸೆಯಿಂದ, ಎಲ್ಲಿಗೆ ಕರೆದಿದ್ದಾರೆಂಬುದನ್ನು ವಿಚಾರಿಸದೆ, ಅಂದು ಅವನೂ ಬಂದಿದ್ದ. ಬಾಗಿಲಲ್ಲಿ ಹುಳಿಯ ವಾಸನೆ ಮೂಗಿಗೆ ಬಿದ್ದೊಡನೆ ನಿಂತ. ನಾನು ಹೊರಗೆ ಹೋಗಿ ಕರೆದೆ. "ನನಗೆ ಒಳಗೆ ಬರಲು ಭಯ ಮಾರಾಯ, ನೀವು ಊಟ ಮಾಡಿ" ಎಂದು ಎದುರಿನ ನಿಲ್ದಾಣದಲ್ಲಿ ಬಸ್ಸು ಹತ್ತಿದ. ಒಳಗಿದ್ದವರಿಗೆ ಅವನು ಬಂದುಹೋದದ್ದೇ ತಿಳಿಯಲಿಲ್ಲ.

ಪ್ರಸಾದನಿಲಯದ ಬಾಗಿಲಿಂದ ಆತ ಎಂದೂ ಹಾಗೆ ಮರಳಿದವನಲ್ಲ. ಮಿತ್ರರೇ, ತಾವು ತಮ್ಮ ಮನೆಯಲ್ಲಿ ಏನು ಕುಡಿಯುತ್ತೀರೆಂಬುದನ್ನು ನಾನು ಎಣಿಸಲು ಬರುವುದಿಲ್ಲ. ಆದರೆ ಮಠದ ಹೆಸರಿನಲ್ಲಿ ಸೇರುವ ಕೂಟಕ್ಕೆ ಮುಂದಿನ ವರ್ಷ ನನ್ನ ಪಾಲಿನ ಹಣ ಬೇಕಾದರೆ, ಅದು ಅವನು ಹೆದರದೆ ಒಳಬರಬಲ್ಲ ಜಾಗವಾಗಿರಬೇಕು. ಸಂಚಾಲಕರು ಬೇರೆ ಪತ್ರಕ್ಕೆ ಕಾಯದೆ ಇದನ್ನೇ ನನ್ನ ಉತ್ತರವೆಂದು ತಿಳಿಯುವುದು.