ಕ್ಷೋಭೆಗೆ ಮುನ್ನ ತೋರುವ ಕುರುಹುಗಳು



ಇರುವೆಗಳು ಮೊಟ್ಟೆ ಹೊತ್ತು ಮೇಲಕ್ಕೇರಿದರೆ ಮಳೆ ಸಮೀಪಿಸಿತೆಂದು ನಮ್ಮ ರೈತರು ಬಲ್ಲರು. ರಾಷ್ಟ್ರಗಳಲ್ಲಿ ಏಳುವ ಕ್ಷೋಭೆಗೂ ಇಂತಹ ಕುರುಹುಗಳುಂಟೆ? ಉಂಟೆಂದೇ ನಮ್ಮ ಅಭಿಪ್ರಾಯ. ಆದರೆ ಅವನ್ನು ಓದುವುದು ಏತಕ್ಕಾಗಿ ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ.

ಅಮೆರಿಕದ ವಿದ್ವಾಂಸರ ಮಂಡಳಿಯೊಂದು 1994ರಿಂದ ಈ ವಿಷಯವನ್ನು ಶೋಧಿಸಿ, 2010ರಲ್ಲಿ ತನ್ನ ನಿರ್ಣಯವನ್ನು ಪ್ರಕಟಿಸಿತು. ಅನೇಕ ಅಂಶಗಳನ್ನು ತೂಗಿ ನೋಡಿದ ಮೇಲೆ ಪ್ರಧಾನವಾಗಿ ಉಳಿದುವು ನಾಲ್ಕೇ: ಆಡಳಿತದ ಸ್ವರೂಪ, ಶಿಶುಮರಣದ ಪ್ರಮಾಣ, ನೆರೆರಾಷ್ಟ್ರಗಳ ಕಲಹ, ಹಾಗೂ ಸರಕಾರವೇ ಒಂದು ಜನವರ್ಗಕ್ಕೆ ತೋರುವ ಭೇದಭಾವ. ಇವುಗಳಿಂದ ಎರಡು ವರ್ಷ ಮುಂಚಿತವಾಗಿ ಶೇಕಡಾ 80ಕ್ಕೂ ಮಿಕ್ಕಿ ಸರಿಯಾದ ಊಹೆ ಸಾಧ್ಯವೆಂದು ಅವರು ಕಂಡುಕೊಂಡರು. ತೊಟ್ಟಿಲ ಶಿಶುವಿನ ಸಾವು ದೊಂಬಿಯನ್ನೆಬ್ಬಿಸುವುದಿಲ್ಲ ನಿಜ. ಆದರೆ ಬಡವನ ಮನೆಯವರೆಗೆ ಆಡಳಿತ ತಲುಪಿದೆಯೇ ಇಲ್ಲವೇ ಎಂಬುದನ್ನು ಅದು ಹೇಳಿಬಿಡುತ್ತದೆ.

ನಾಲ್ಕನೆಯ ಕುರುಹಿಗೆ ಪೂರ್ವ ಬಂಗಾಳವೇ ನಿದರ್ಶನ. ಪಾಕಿಸ್ತಾನದ ಅರ್ಧಕ್ಕೂ ಮಿಕ್ಕ ಜನ ಬಂಗಾಳಿ ಮಾತನಾಡುತ್ತಿದ್ದರು. ಆದರೂ ಉರ್ದು ಒಂದೇ ರಾಜಭಾಷೆಯೆಂದು 1948ರ ಮಾರ್ಚಿಯಲ್ಲಿ ಜಿನ್ನಾ ಅವರು ಢಾಕಾದಲ್ಲಿ ಸಾರಿದರು. 1952ರ ಫೆಬ್ರುವರಿ 21ರಂದು ಅಲ್ಲಿಯೇ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. 1956ರಲ್ಲಿ ಬಂಗಾಳಿಗೆ ಸ್ಥಾನ ದೊರೆತರೂ ಅಧಿಕಾರದಲ್ಲಿನ ತಾರತಮ್ಯ ಅಳಿಯಲಿಲ್ಲ. 1971ರಲ್ಲಿ ರಾಷ್ಟ್ರವೇ ಸೀಳಿತು.

ಅದೇ 1952ರ ಡಿಸೆಂಬರಿನಲ್ಲಿ ಆಂಧ್ರ ರಾಜ್ಯಕ್ಕಾಗಿ ಉಪವಾಸವಿದ್ದ ಪೊಟ್ಟಿ ಶ್ರೀರಾಮುಲು ಅವರು ಮದರಾಸಿನಲ್ಲಿ ಮಡಿದರು, ಗಲಭೆಗಳೆದ್ದುವು. ತಡವಾಗಿಯಾದರೂ ನಮ್ಮ ಸರಕಾರ ಕಿವಿಗೊಟ್ಟಿತು. 1953ರಲ್ಲಿ ಆಂಧ್ರವೂ 1956ರಲ್ಲಿ ಭಾಷಾವಾರು ರಾಜ್ಯಗಳೂ ಆದುವು. ದೇಶ ಒಡೆಯಲಿಲ್ಲ.

ಮುನ್ಸೂಚನೆಯನ್ನು ಲಾಠಿಗೆ ಒಪ್ಪಿಸಬಾರದೆಂಬುದಕ್ಕೆ ಶಾಲೆಯ ಲೆಕ್ಕವೊಂದು ಸಾಕು. 150 ರಾಷ್ಟ್ರಗಳಲ್ಲಿ 5ರಲ್ಲಿ ಮಾತ್ರ ಕ್ಷೋಭೆಯಾಗುವುದೆಂದು ಇಟ್ಟುಕೊಳ್ಳೋಣ. ಶೇಕಡಾ 80ರಷ್ಟು ಸರಿಯಾದ ಊಹೆಯು 4ನ್ನು ಗುರುತಿಸೀತು. ಉಳಿದ 145ರಲ್ಲಿ 29ನ್ನು ವೃಥಾ ಶಂಕಿಸೀತು. ಶಂಕೆಯ ಮೇಲೆ ಜನರನ್ನು ಸೆರೆಗೆ ತಳ್ಳಿದರೆ ಶಾಂತವಾಗಿದ್ದ ನಾಡೂ ಕೆರಳುವುದು. ಶಂಕೆಯ ಮೇಲೆ ಶಾಲೆ ತೆರೆದರೆ, ಊಹೆ ಸುಳ್ಳಾದರೂ ನಷ್ಟವೇನು?

ಗಡಿಯಾಚೆ ಉಳಿದವರಿಗಾಗಿ ಸಂವಿಧಾನದಲ್ಲಿ 1956ರಲ್ಲಿ ಎರಡು ವಿಧಿಗಳು ಸೇರಿದುವು. 350-ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುತ್ತದೆ. 350-ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ವರದಿ ರಾಷ್ಟ್ರಪತಿಗಳ ಮೂಲಕ ಸಂಸತ್ತಿನ ಮುಂದೆ ಬರತಕ್ಕದ್ದು. ಬರಿಯ ಕೂಗು ವರದಿಯಾಗದು, ಅಂಕಿಗಳು ಬೇಕು. ಆದಕಾರಣ ಪ್ರತಿ ಗ್ರಾಮದಲ್ಲಿಯೂ ಒಂದು ಪುಸ್ತಕವಿಡೋಣ. ಕನ್ನಡ ಮಕ್ಕಳೆಷ್ಟು, ಉಪಾಧ್ಯಾಯರೆಷ್ಟು, ಖಾಲಿ ಬಿದ್ದ ಹುದ್ದೆ ಎಷ್ಟು ತಿಂಗಳಿನದು, ಪಠ್ಯಪುಸ್ತಕ ಯಾವ ದಿನ ಬಂತು, ಕಚೇರಿಯ ಅರ್ಜಿ ಯಾವ ಭಾಷೆಯಲ್ಲಿದೆ ಎಂಬುದನ್ನು ಉತ್ಪ್ರೇಕ್ಷೆಯಿಲ್ಲದೆ ಬರೆದು, ವರ್ಷಕ್ಕೊಮ್ಮೆ ಸಹಿ ಮಾಡಿ ಕಳುಹಿಸೋಣ. ಕಲ್ಲು ಬೀದಿಗೆ ಬೀಳುವ ಮೊದಲೇ ಕಾಗದ ಮೇಜಿನ ಮೇಲೆ ಬಿದ್ದಿರಲಿ.