ಒಳಪಂಗಡ ಯಾವುದು?

ಮೊನ್ನೆ ಭಾನುವಾರ ಧಾರವಾಡಕ್ಕೆ ಹೋಗಿದ್ದೆ. ಊಟ ಆದ ಮೇಲೆ ಅಪ್ಪ "ನಿನ್ನ ಹೆಸರು ಆ ಮ್ಯಾಟ್ರಿಮೋನಿ ಸೈಟಿನ್ಯಾಗ ಹಾಕಿಬಿಡಪಾ, ಕಂಪ್ಯೂಟರ್ ನಿನಗ ಗೊತ್ತೈತಲ್ಲ" ಅಂದರು. (ನಾನು ಓದಿದ್ದು ಮೆಕ್ಯಾನಿಕಲ್, ಅದು ಬೇರೆ ಮಾತು :-)) ಸರಿ ಅಂತ ಕೂತೆ. ಎತ್ತರ, ಸಂಬಳ, ಜಾತಿ... ಅದರ ಕೆಳಗೆ ಒಳಪಂಗಡ. ಒತ್ತಿದರೆ ಉದ್ದನೆಯ ಪಟ್ಟಿ! ಪಕ್ಕದಲ್ಲೇ 'ಜಾತಿ ಅಡ್ಡಿಯಿಲ್ಲ' ಅನ್ನೋ ಪುಟ್ಟ ಚೌಕ.

ಆ ಪಟ್ಟಿ ನೋಡಿ ಚಿಕ್ಕಪ್ಪನ ಮಗಳು ನೆನಪಾದಳು. ಮೂರು ವರ್ಷದ ಹಿಂದೆ ತನ್ನ ಆಫೀಸಿನ ಹುಡುಗನನ್ನು ಮದುವೆ ಆಗ್ತೀನಿ ಅಂದಿದ್ದಳು. ಅವರೂ ಲಿಂಗಾಯತರೇ. ಅದೇ ವಿಭೂತಿ, ಅದೇ ಲಿಂಗ, ಅದೇ ವಚನ. ಅಪ್ಪ ಅಂದಿದ್ದು ಒಂದೇ ಮಾತು: "ಲಿಂಗಾಯತರು ಖರೆ, ಆದ್ರ ನಮ್ಮ ಒಳಪಂಗಡ ಅಲ್ಲಲ್ಲ."

ಇದೇ ಅಪ್ಪ ಪ್ರತಿ ಬಸವ ಜಯಂತಿಗೆ ಹರಳಯ್ಯ, ಮಧುವರಸರ ಕಥೆ ಹೇಳ್ತಾರೆ. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಶರಣನ ಮಗನಿಗೆ ಬ್ರಾಹ್ಮಣ ಶರಣನ ಮಗಳನ್ನು ಕೊಟ್ಟು ಮದುವೆ ಮಾಡಿದ್ದು, ಅದಕ್ಕೆ ಇಬ್ಬರು ಬೀಗರೂ ಪ್ರಾಣ ತೆತ್ತಿದ್ದು. ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತೆ. ನಾಟಕ ಅಲ್ಲ, ನಿಜವಾಗಿ.

ಆದರೆ ಅಪ್ಪನನ್ನು ಬೈಯೋದು ಸುಲಭ. ಅವತ್ತು ಚಿಕ್ಕಪ್ಪ ನನ್ನನ್ನು ಕರೆದು "ನೀ ಓದಿದಾವ, ನೀ ಏನಂತಿ?" ಅಂತ ಕೇಳಿದ್ದರು. ಬೆಂಗಳೂರಿನ ಕ್ಯಾಂಟೀನಿನಲ್ಲಿ ಜಾತಿ ಬಗ್ಗೆ ಗಂಟೆಗಟ್ಟಲೆ ಭಾಷಣ ಬಿಗಿಯೋ ನಾನು "ದೊಡ್ಡವರು ಹೇಳಿದ್ದರಲ್ಲೂ ಅರ್ಥ ಇದೆ" ಅಂದುಬಿಟ್ಟೆ. ತಂಗಿ ಒಮ್ಮೆ ನನ್ನ ಮುಖ ನೋಡಿ ಒಳಗೆ ಹೋದಳು. ಮರುವರ್ಷ ಮನೆಯವರು ನೋಡಿದ ಕಡೆ ಮದುವೆಯಾಯಿತು. ಈಗ ಅವಳಿಂದ ವರ್ಷಕ್ಕೊಂದು 'ಹ್ಯಾಪಿ ಬರ್ತ್‌ಡೇ ಅಣ್ಣಾ' ಬರುತ್ತೆ, ಅಷ್ಟೇ.

ಕಾನೂನು ಎಲ್ಲೂ ಅಡ್ಡ ಬರಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವೀರಶೈವ, ಲಿಂಗಾಯತ ಅಂತ ಹೆಸರು ಹಿಡಿದೇ ಸೇರಿಸಿದ್ದಾರೆ. ಒಳಪಂಗಡ ಒಂದೇ ಇರಬೇಕು ಅನ್ನೋ ಷರತ್ತೇ ಇಲ್ಲ. ಪ್ರಾಯಕ್ಕೆ ಬಂದವರು ಯಾವ ಜಾತಿಯವರನ್ನಾದರೂ ಮದುವೆಯಾಗಬಹುದು, ಬೆದರಿಸಿದವರ ಮೇಲೆ ಪೊಲೀಸರು ಕ್ರಮ ತಗೋಬೇಕು ಅಂತ 2006ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೂ 2011-12ರ ರಾಷ್ಟ್ರಮಟ್ಟದ ಸಮೀಕ್ಷೆಯೊಂದರಲ್ಲಿ ಬೇರೆ ಜಾತಿಯಲ್ಲಿ ಮದುವೆಯಾದವರು ನೂರಕ್ಕೆ ಐದರಷ್ಟು ಮಾತ್ರ.

ಉಳಿದವರಲ್ಲಿ ನಮ್ಮಂಥವರು ಎಷ್ಟು ಜನ ಇರಬಹುದು? ನನ್ನ ಟೀಮಿನಲ್ಲೇ ಇಬ್ಬರು "ಮನೇಲಿ ಒಪ್ಪಲ್ಲ ಮಗಾ" ಅಂತ ಪ್ರೀತಿ ಮುಗಿಸಿಕೊಂಡರು. ಕೇಳಿದ್ಯಾ ಅಂದರೆ, ಇಲ್ಲವಂತೆ! ಅಪ್ಪ ಅಮ್ಮನ ಹೆಸರಿನಲ್ಲಿ ನಮ್ಮ ಅಂಜಿಕೆಯನ್ನು ದಾಟಿಸಿಬಿಡೋದು ಎಷ್ಟು ಸಲೀಸು ಅಲ್ವಾ?

ಒಳಪಂಗಡದ ಜಾಗ ಖಾಲಿ ಬಿಟ್ಟೆ. ಚೌಕಕ್ಕೆ ಟಿಕ್ ಹಾಕಿದೆ. ಹಿಂದೆ ನಿಂತು ನೋಡುತ್ತಿದ್ದ ಅಪ್ಪ ಏನೂ ಅನ್ನದೆ ಹಿತ್ತಲಿಗೆ ಹೋದರು. ಚಹಾಕ್ಕೂ ಬರಲಿಲ್ಲ.

ಅದಿರಲಿ, ಈಗ ತಂಗಿಗೆ ಫೋನ್ ಮಾಡಬೇಕು. ಏನಂತ ಮಾತು ಶುರು ಮಾಡಲಿ ಅನ್ನೋದೇ ತಿಳೀತಿಲ್ಲ...